ಗಾಜಿನ ಕಪ್ಪು

ನಮ್ಮ ಹಳೆಯ ಆಲ್ಟೋ ಕಾರನ್ನು ಕೊಂಡಾಗಲೇ ಅದರ ಗಾಜುಗಳಿಗೆ ಕಪ್ಪು ಫಿಲ್ಮ್ ಇತ್ತು. ಪರ್ದಾಕ್ಕೆ ಒಳ್ಳೆಯದಾಯಿತೆಂದು ನಾನೂ ಸುಮ್ಮನಿದ್ದೆ. 2012ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ನಿಷೇಧಿಸಿದೆ ಎಂದು ಗೆಳತಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ, ಕಡಬದ ಅವಳ ಅಂಗಳದಲ್ಲಿ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೆ. "ನಿಲ್ಲಿಸೇ!" ಎಂದು ಅವಳು ಚೀರಿದಳು. ಹಿಂದೆ ಅವಳ ಪುಟ್ಟ ಮಗ ಕೊಡೆ ಹಿಡಿದು ನಿಂತಿದ್ದ. ನನಗೆ ಕಂಡೇ ಇರಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಮಗುವಿಗೆ ಏನೂ ಆಗಲಿಲ್ಲ.

ಮರುದಿನವೇ ಅವಳು ಪುತ್ತೂರಿನ ನಮ್ಮ ಮನೆಗೆ ಬಂದಳು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಫಿಲ್ಮನ್ನು ಮೂಲೆಯಿಂದ ಮೆಲ್ಲನೆ ಸುಲಿದೆವು. ಉಳಿದ ಅಂಟನ್ನು ಸೋಪಿನ ನೀರಿನಲ್ಲಿ ಉಜ್ಜಿದೆವು. ಬಿಸಿಲಿಗೆ ಹಳದಿಯಾಗಿದ್ದ ಹೆಡ್‌ಲೈಟಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆವು.

ಪರ್ದಾ ನನ್ನ ಮೈಮೇಲಿದೆ. ಕಾರಿನ ಗಾಜಿಗೆ ಅದು ಬೇಕಿಲ್ಲವೆಂದು ತಿಳಿಯಲು ನನಗೆ ಇಷ್ಟು ದಿನ ಹಿಡಿಯಿತು.