ಪಾಳಿ ಬದಲಾವಣೆ ಎಂಬ ಅಮಾನತ್

ಅರೇಹಳ್ಳಿಯಿಂದ ರೋಗಿಯನ್ನು ಬೇಲೂರು ದಾಟಿಸಿ ಹಾಸನದ ತೀವ್ರ ನಿಗಾ ಘಟಕಕ್ಕೆ ತರುವ ಬಂಧುಗಳಿಗೆ, ರಾತ್ರಿ ಪಾಳಿಯ ನರ್ಸ್ ಹಗಲಿನವರಿಗೆ ಆತನನ್ನು ಒಪ್ಪಿಸುವ ಗಳಿಗೆ ಕಾಣುವುದಿಲ್ಲ. ಅದೇ ಊರಿನವಳೂ ಅದೇ ವೃತ್ತಿಯವಳೂ ಆದ ನನಗೆ ಅದಕ್ಕಿಂತ ಭಾರವಾದ ಗಳಿಗೆ ಬೇರಿಲ್ಲ.

‘ರಾತ್ರಿ ಪರವಾಗಿಲ್ಲ’ ಎಂದರೆ ಏನನ್ನೂ ಹೇಳಿದಂತಲ್ಲ. ‘ನಾಲ್ಕು ಗಂಟೆಯಿಂದ ಮೂತ್ರ ಕಡಿಮೆಯಾಗಿದೆ, ರಕ್ತದೊತ್ತಡವನ್ನು ಹಿಡಿದಿಟ್ಟಿರುವ ಔಷಧಿಯ ಸಿರಿಂಜು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮುಂದಿನದನ್ನು ಈಗಲೇ ಸಿದ್ಧಪಡಿಸಿ’ ಎನ್ನಬೇಕು. ಸ್ಥಿತಿ, ಹಿನ್ನೆಲೆ, ಅಂದಾಜು, ಸಲಹೆ ಎಂಬ ಈ ಕ್ರಮಕ್ಕೆ ಎಸ್‌ಬಿಎಆರ್ ಎಂದು ಹೆಸರು. ಇದರ ಮೂಲ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಇದನ್ನು ಆಸ್ಪತ್ರೆಗಳಿಗೆ ಸೂಚಿಸಿತು. ಮೂರನೆಯದಾದ ಅಂದಾಜೇ ಕಷ್ಟ; ಹಿರಿಯರೆದುರು ಸ್ವಂತ ಅಭಿಪ್ರಾಯವನ್ನು ನುಂಗಿಕೊಳ್ಳುವುದೇ ವಿನಯವೆಂದು ನಾವು ಕಲಿತು ಬಂದವರು.

ಸಾಲವನ್ನು ಸಾಕ್ಷಿಗಳೆದುರು ಬರೆದಿಡುವ ಆದೇಶವಿರುವ ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಪವಿತ್ರ ಕುರ್‌ಆನಿನಲ್ಲಿಯೇ ಅತ್ಯಂತ ದೀರ್ಘವಾದುದು. ಹಣದ ವಿಷಯಕ್ಕೇ ಅಷ್ಟು ಎಚ್ಚರಿಕೆಯಿದ್ದರೆ, ಅನ್ಯರ ಉಸಿರನ್ನು ಬಾಯಿಮಾತಿನಲ್ಲಿ ದಾಟಿಸಬಹುದೇ? ನಾನು ದಾಖಲೆ ಹಾಳೆಯನ್ನು ಹಿಡಿದು ಮಂಚದ ಪಕ್ಕದಲ್ಲಿಯೇ ಹೇಳುತ್ತೇನೆ. ಕೇಳಿದವರು ಅದನ್ನು ಮರಳಿ ಹೇಳಿದ ಮೇಲೆಯೇ ಅಲ್ಲಿಂದ ಕದಲುತ್ತೇನೆ. ಬೇಲೂರಿನ ಬಸ್ಸು ತಪ್ಪಿದ್ದೂ ಉಂಟು.