ನೋಡದೆ ಬರೆದ ಚೀಟಿಗಳು
(ದಾವಣಗೆರೆಯ ಒಬ್ಬ ಕೋರ್ಟು ಶಿರಸ್ತೇದಾರನ ದಿನಚರಿಯ ಪುಟಗಳು)

8-10-2023

ಗಿರಿಜಾ ಇವತ್ತು ಕೇಳಿಯೇಬಿಟ್ಟಳು. "ರೀ, ನಿಮ್ಮ ಒಳಬಟ್ಟೆ ಬಿಸಿನೀರಲ್ಲಿ ನೆನೆಸಿಟ್ರೂ ವಾಸನೆ ಹೋಗ್ತಿಲ್ಲ. ಒಂದಕ್ಕೆ ಹೋಗುವಾಗ ಏನಾದ್ರೂ ತೊಂದ್ರೆನಾ?" ಶುಗರ್ ಎಂದೆ. ನಮ್ಮ ಮನೆಯಲ್ಲಿ ಈಗ ಎಲ್ಲದಕ್ಕೂ ಅದೇ ಉತ್ತರ. ಕಾಲುರಿಗೆ, ಸಿಟ್ಟಿಗೆ, ನಾನು ಹೊರಗಿನ ಕೋಣೆಯಲ್ಲಿ ಮಲಗುವುದಕ್ಕೆ. "ಎಲ್ಲಿ, ತೋರಿಸಿ" ಎಂದಳು. ತೋರಿಸಲು ಏನೂ ಕಾಣುವುದಿಲ್ಲ, ಅದೇ ತೊಂದರೆ ಎಂದು ಬಾಯಿಬಿಟ್ಟು ಹೇಳಲಾಗಲಿಲ್ಲ. ಇಲ್ಲಿಯಾದರೂ ಬರೆದಿಡುತ್ತೇನೆ.

ಹೊಟ್ಟೆಯ ಕೆಳಗೆ, ಕೂದಲಿರುವ ಜಾಗದ ಕೊಬ್ಬು ಉಬ್ಬಿ ಮುಂದಕ್ಕೆ ಬಂದಿದೆ. ಶಿಶ್ನ ಅದರೊಳಗೆ ಸೇರಿಹೋಗಿದೆ. ಹೊರಗೆ ಉಳಿದಿರುವುದು ಸಣ್ಣದೊಂದು ತೂತು, ಅದರ ಸುತ್ತ ಬಿಳಿಚಿದ ಗಟ್ಟಿ ಚರ್ಮ. ಮೂತ್ರ ಮೊದಲು ಆ ಸಂದಿಯೊಳಗೆ ತುಂಬಿಕೊಂಡು ಆಮೇಲೆ ಎತ್ತೆತ್ತಲೋ ಹರಿಯುತ್ತದೆ. ನಿಂತು ಹೋಗುವಂತಿಲ್ಲ. ಕುಂತು ಹೋಗುವುದು ನಮ್ಮ ಕಡೆ ನಾಚಿಕೆಯ ಸಂಗತಿಯೇನಲ್ಲ. ಆದರೆ 118 ಕಿಲೋ ಮೈ ಹೊತ್ತು ಕೋರ್ಟಿನ ಇಂಡಿಯನ್ ಕಕ್ಕಸಿನಲ್ಲಿ ಕುಂತರೆ ಏಳುವಾಗ ಗೋಡೆ ಹಿಡಿಯಬೇಕು. ಹಾಗಾಗಿ ಬೆಳಗ್ಗೆ ಹತ್ತರ ಮೇಲೆ ನೀರು ಮುಟ್ಟುವುದಿಲ್ಲ. ಕಪ್ಪು ಪ್ಯಾಂಟನ್ನೇ ಹಾಕುತ್ತೇನೆ. ಆಫೀಸಿನ ಬೀರುವಿನಲ್ಲಿ ಹಳೇ ರಿಜಿಸ್ಟರುಗಳ ಹಿಂದೆ ಇನ್ನೊಂದು ಕಪ್ಪು ಪ್ಯಾಂಟಿದೆ.

21-10-2023

ಶುಗರ್ ಡಾಕ್ಟರಲ್ಲಿಗೆ ಹೋಗಿದ್ದೆ. ಮೂರು ತಿಂಗಳ ಸರಾಸರಿ 9.4. ಆ ಜಾಗದಲ್ಲಿ ತುರಿಕೆ, ಬಿರುಕು ಎಂದೆ. ಕುರ್ಚಿಯಿಂದ ಏಳದೆಯೇ ಒಂದು ಟ್ಯೂಬ್ ಬರೆದರು. ಇದು ಮೂರನೆಯದು. ಮೊದಲನೆಯದನ್ನು ಮೆಡಿಕಲ್ ಶಾಪಿನ ಹುಡುಗನೇ ಕೊಟ್ಟಿದ್ದ. ನನ್ನಂಥವನನ್ನು ಮಲಗಿಸಿ, ಹೊಟ್ಟೆ ಎತ್ತಿ ನೋಡಲು ಎರಡು ನಿಮಿಷ ಬೇಕು. ಹೊರಗೆ ಬಾಗಿಲ ತನಕ ಜನ ಕಾದಿದ್ದರು, ಅದೂ ನಿಜವೇ.

2-11-2023

ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಹೊಸ ಚೀಟಿ ಅಂಟಿಸಿದ್ದಾರೆ. ಗುಪ್ತ ಸಮಸ್ಯೆಗೆ ಖಚಿತ ಪರಿಹಾರ, ಲಾಡ್ಜಿನ ರೂಮ್ ನಂಬರು, ತಿಂಗಳಿಗೊಂದು ಮಂಗಳವಾರ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಪೂರ್ತಿ ಓದಿದೆ. ಆಫೀಸಿಗೆ ಬಂದು ಪುಸ್ತಕ ತೆಗೆದೆ: 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆ. ಅನುಸೂಚಿಯಲ್ಲಿ ಬೊಜ್ಜು, ಹೈಡ್ರೋಸೀಲ್, ಲೈಂಗಿಕ ದೌರ್ಬಲ್ಯ ಮೂರೂ ಇವೆ. ಇವನ್ನು ವಾಸಿಮಾಡುವ ಮದ್ದಿದೆ ಎಂದು ಜನರಿಗೆ ಜಾಹೀರಾತು ಕೊಡುವುದೇ ಅಪರಾಧ. ಈ ಕಾಯ್ದೆಯಡಿ ಒಂದು ಕೇಸೂ ನನ್ನ ಮೇಜಿಗೆ ಬಂದಿಲ್ಲ. ಗೋಡೆ ಮಾತ್ರ ತಿಂಗಳು ತಿಂಗಳಿಗೆ ಹೊಸದಾಗುತ್ತದೆ.

18-11-2023

ಚರ್ಮದ ಡಾಕ್ಟರು ಹೆಂಗಸು ಎಂದು ಬಾಗಿಲ ಬೋರ್ಡು ಓದಿದ ಮೇಲೆ ಗೊತ್ತಾಯಿತು. ವಾಪಸ್ ಹೋಗೋಣ ಎನ್ನುವಷ್ಟರಲ್ಲಿ ಗಿರಿಜಾ ಫೈಲು ಹಿಡಿದು ಒಳಗೆ ಕುಂತಾಗಿತ್ತು.

ಆಕೆ ಮೊದಲು ಮೂರೂ ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಬೈದರು. ಸ್ಟೀರಾಯ್ಡು, ಬೂಷ್ಟಿನ ಮದ್ದು, ಆಂಟಿಬಯಾಟಿಕ್ ಎಲ್ಲ ಒಟ್ಟಿಗೆ ಬೆರೆಸಿದ ಇಂಥ ಟ್ಯೂಬುಗಳನ್ನು ಕಂಡಕಂಡವರು ಹಚ್ಚಿಕೊಂಡೇ ನಮ್ಮ ದೇಶದಲ್ಲಿ ಹುಳುಕಡ್ಡಿ ಸುಲಭಕ್ಕೆ ಮದ್ದಿಗೆ ಬಗ್ಗದ ಹಾಗಾಗಿದೆಯಂತೆ. ಆಮೇಲೆ ಮಲಗಿಸಿ, ದೀಪ ಹಾಕಿ, ನರ್ಸಿಗೆ ಹೊಟ್ಟೆ ಎತ್ತಿ ಹಿಡಿಯಲು ಹೇಳಿ ನೋಡಿದರು. ಇಷ್ಟು ವರ್ಷಕ್ಕೆ ಮೊದಲ ಬಾರಿ ಒಬ್ಬರು ನೋಡಿದರು. ನಾನು ಫ್ಯಾನಿನ ರೆಕ್ಕೆ ನೋಡುತ್ತಾ ಮಲಗಿದ್ದೆ.

ತೊಡೆಸಂದಿನಲ್ಲಿರುವುದು ಹುಳುಕಡ್ಡಿ. ಆ ಬಿಳಿ ಉಂಗುರ ಬೇರೆಯೇ ಕಾಯಿಲೆ, ಲೈಕನ್ ಸ್ಕ್ಲೆರೋಸಸ್. ಅಂಟುವಂಥದ್ದಲ್ಲ, ಯಾರ ಸಹವಾಸದಿಂದಲೂ ಬಂದದ್ದಲ್ಲ. (ಇದನ್ನು ಗಿರಿಜಾಳ ಮುಖ ನೋಡಿ ಹೇಳಿದರು. ಒಳ್ಳೆಯದಾಯಿತು.) ಚರ್ಮ ಬೆಳ್ಳಗಾಗಿ ಬಿರಿಯುತ್ತದೆ, ಬಿರಿದದ್ದು ಮಾಗುವಾಗ ಬಿಗಿಯುತ್ತದೆ. ಬಿಗಿದಷ್ಟೂ ಮೂತ್ರ ಒಳಗೆ ನಿಲ್ಲುತ್ತದೆ, ಮೂತ್ರ ನಿಂತಷ್ಟೂ ಚರ್ಮ ಕೆಡುತ್ತದೆ. ತಮಾಷೆಯೆಂದರೆ, ಬೈಸಿಕೊಂಡ ಟ್ಯೂಬಿನಲ್ಲಿದ್ದ ಕ್ಲೋಬೆಟಾಸಾಲನ್ನೇ ಇವರೂ ಬರೆದರು. ಬೇರೇನೂ ಬೆರೆಸದ ಬರೀ ಕ್ಲೋಬೆಟಾಸಾಲ್, ಉಂಗುರಕ್ಕೆ ಮಾತ್ರ, ತೆಳ್ಳಗೆ. ತೊಡೆಸಂದಿಗೆ ತಾಗಿದರೆ ಹುಳುಕಡ್ಡಿ ಹಬ್ಬುತ್ತದೆ, ಉಂಗುರಕ್ಕೆ ಅದೇ ಮದ್ದು.

ಶುಗರ್ ಮಾತ್ರೆಗಳ ಪಟ್ಟಿಯಲ್ಲಿ ಡಾಪಾಗ್ಲಿಫ್ಲೋಜಿನ್ ಮೇಲೆ ಪೆನ್ನಿಟ್ಟರು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದೇ. ಆದರೆ ಸಿಹಿಮೂತ್ರ ಸಂದಿಯಲ್ಲೇ ನಿಲ್ಲುವವನಿಗೆ ಬೂಷ್ಟು ಬೆಳೆಯಲು ಇನ್ನೇನು ಬೇಕು? ಬದಲಿಸಲು ಶುಗರ್ ಡಾಕ್ಟರಿಗೇ ಕಾಗದ ಬರೆದುಕೊಟ್ಟರು.

ಹೊರಡುವಾಗ ಹೇಳಿದ್ದು: "ಒಳಗಿರೋ ತುದಿಯನ್ನ ಇದುವರೆಗೆ ಯಾರೂ ನೋಡಿಲ್ಲ. ಈ ಕಾಯಿಲೆ ಹಳೇದಾದ್ರೆ ಕೆಲವರಲ್ಲಿ ಕ್ಯಾನ್ಸರ್ ಆಗುತ್ತೆ. ಬೇರೆಯವರಿಗೆ ಹುಣ್ಣಾದ್ರೆ ಸ್ನಾನ ಮಾಡುವಾಗ ಕಣ್ಣಿಗೆ ಬೀಳುತ್ತೆ. ನಿಮಗೆ ಬೀಳಲ್ಲ." ಬಸ್ಸಿನಲ್ಲಿ ಗಿರಿಜಾ ಒಂದು ಮಾತೂ ಆಡಲಿಲ್ಲ.

4-12-2023, ಬೆಂಗಳೂರು

ಯೂರಾಲಜಿಸ್ಟ್ ಎರಡೂ ಕೈಯಿಂದ ಕೊಬ್ಬನ್ನು ಹಿಂದಕ್ಕೊತ್ತಿದರು. ಬರೀ ಕೊಬ್ಬಿನಿಂದಾದದ್ದಾಗಿದ್ದರೆ ಒತ್ತಿದಾಗ ಶಿಶ್ನ ಹೊರಗೆ ಬರಬೇಕಂತೆ. ಬರಲಿಲ್ಲ. ಉಂಗುರ ಬಿಡಲಿಲ್ಲ. ಮೂತ್ರದ ಧಾರೆ ಅಳೆದರು, ಸೆಕೆಂಡಿಗೆ 7 ಮಿಲಿಲೀಟರ್. ಮರಗಟ್ಟಿಸಿ, ಉಂಗುರವನ್ನು ಸ್ವಲ್ಪ ಸೀಳಿ, ಒಳಗೆ ನೋಡಿ, ಚರ್ಮದ ಚೂರು ಪರೀಕ್ಷೆಗೆ ಕಳಿಸಿದರು.

"ಎಷ್ಟು ಉಳಿದಿದೆ ಸಾರ್?" ಎಂದು ಕೇಳಿದೆ. ಕೇಳಲು ಗಂಟಲು ಒಣಗಿತ್ತು. "ಹೋಗಿದ್ದರೆ ತಾನೆ ಉಳಿಯೋ ಮಾತು? ಅದರ ಬುಡ ಮೂಳೆಗೆ ಅಂಟಿಕೊಂಡಿದೆ, ಅಲ್ಲೇ ಇದೆ. ಕೆರೆಗೆ ಹೂಳು ತುಂಬಿದ್ರೆ ತೂಬು ಮುಚ್ಚುತ್ತೆ, ತೂಬು ಸಣ್ಣದಾಗುತ್ತಾ?" ಸೂಳೆಕೆರೆ ನೀರು ಕುಡಿದು ಬೆಳೆದವನಿಗೆ ಇನ್ನೂ ಬಿಡಿಸಿ ಹೇಳಬೇಕಿಲ್ಲ. 1919ರಲ್ಲೇ ಕೀಸ್ ಎಂಬ ಅಮೆರಿಕದ ವೈದ್ಯ ಇದರ ಬಗ್ಗೆ ಬರೆದಿದ್ದನಂತೆ. ನೂರು ವರ್ಷದ ಹಿಂದೆಯೇ ಪುಸ್ತಕದಲ್ಲಿದ್ದ ಸಂಗತಿ ನನಗೆ ಗೊತ್ತಾಗಲು ಐವತ್ತನಾಲ್ಕನೇ ವಯಸ್ಸು ಬೇಕಾಯಿತು.

ಆಪರೇಷನ್ ಆಗುತ್ತದೆ, ಈಗಲ್ಲ. ತೂಕ ಇಳಿಯಬೇಕು, ಸರಾಸರಿ ಏಳೂವರೆಯೊಳಗೆ ಬರಬೇಕು, ಸಿಗರೇಟು ಪೂರ್ತಿ ನಿಲ್ಲಬೇಕು. ಸೇದುವವರ ಮೈಯಲ್ಲಿ ಚರ್ಮದ ಕಸಿ ಹಿಡಿಯುವುದು ಕಷ್ಟ.

14-12-2023

ವರದಿ ಬಂತು. ಲೈಕನ್ ಸ್ಕ್ಲೆರೋಸಸ್ ಹೌದು, ಕ್ಯಾನ್ಸರ್ ಇಲ್ಲ. ಗಿರಿಜಾ ದುಗ್ಗಮ್ಮನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದಳು. ಏನು ವಿಶೇಷ ಎಂದು ಅವಳ ತಂಗಿ ಕೇಳಿದ್ದಕ್ಕೆ "ಭಾವಂಗೆ ಶುಗರ್ ಇಳೀತು ಕಣೆ" ಎಂದಳಂತೆ.

10-3-2024

103 ಕಿಲೋ. ಬೆಣ್ಣೆದೋಸೆ ಊರಿನಲ್ಲಿ ಇದು ಸಣ್ಣ ಕೆಲಸವಲ್ಲ. ತೂಕ ಇಳಿದರೆ ತಾನಾಗಿ ಹೊರಬರುತ್ತದೆ ಎಂದು ಒಳಗೊಳಗೇ ಆಸೆಯಿತ್ತು. ಆಗಿದ್ದು ತಿರುಗಾಮುರುಗಾ. ಕೊಬ್ಬು ಕರಗಿತು, ಚರ್ಮ ಕರಗಲಿಲ್ಲ. ಜೋತುಬಿದ್ದು ಮೊದಲಿಗಿಂತ ಹೆಚ್ಚು ಮುಚ್ಚಿದೆ. ಬೊಜ್ಜಿನ ಆಪರೇಷನ್ ಮಾಡಿಸಿಕೊಂಡು ಬೇಗ ಇಳಿದವರಲ್ಲೂ ಹೀಗಾಗುವುದುಂಟು ಎಂದು ಬೆಂಗಳೂರಿನ ಡಾಕ್ಟರು ಫೋನಿನಲ್ಲಿ ಹೇಳಿದರು. "ಇಳಿಸಿದ್ದು ದಂಡವಲ್ಲ, ಅರಿವಳಿಕೆ ಕೊಡೋಕೆ, ಗಾಯ ಮಾಯೋಕೆ ಅದು ಬೇಕೇ ಬೇಕು." ಸರಾಸರಿ 7.2.

2-4-2024

ವಿಮೆಯವರು ಬರೆದಿದ್ದಾರೆ, ಇದು ಸೌಂದರ್ಯ ಚಿಕಿತ್ಸೆ, ಹಣ ಕೊಡಲಾಗದು ಎಂದು. ಯಾರಿಗೆ ತೋರಿಸಲಂತೆ ಈ ಸೌಂದರ್ಯ? ಇಪ್ಪತ್ತೆಂಟು ವರ್ಷ ಬೇರೆಯವರ ಅರ್ಜಿ ಓದಿದವನು ಇವತ್ತು ನನ್ನದನ್ನು ಬರೆದೆ. ಮೂತ್ರದ ಧಾರೆಯ ಅಳತೆ, ಚರ್ಮದ ವರದಿ, ಮರುಕಳಿಸುವ ಸೋಂಕು, ಕ್ಯಾನ್ಸರ್ ಪರೀಕ್ಷೆಗೆ ಅಂಗವೇ ಕಾಣದಿರುವುದು, ಒಂದೊಂದಕ್ಕೂ ಲಗತ್ತು. 'ಉದ್ದ' ಎಂಬ ಪದವನ್ನು ಎಲ್ಲೂ ಬಳಸಲಿಲ್ಲ.

13-5-2024, ಬೆಂಗಳೂರು

7ನೇ ತಾರೀಖು ಮತ ಹಾಕಿ ರಾತ್ರಿಯೇ ಹೊರಟೆವು. 9ಕ್ಕೆ ಆಪರೇಷನ್. ಬೆರಳಿನ ಶಾಯಿ ನೋಡಿ ಅರಿವಳಿಕೆಯವರು ಯಾರಿಗೆ ಹಾಕಿದಿರಿ ಎಂದು ಕೇಳಿದ್ದು ನೆನಪಿದೆ, ಮುಂದಿನದು ಇಲ್ಲ.

ಯೂರಾಲಜಿಸ್ಟ್, ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಸೇರಿ ಮಾಡಿದರು. ಮೂಳೆಯ ಮೇಲಿದ್ದ ಕೊಬ್ಬಿನ ದಿಮ್ಮಿಯನ್ನೂ ಜೋತ ಚರ್ಮವನ್ನೂ ತೆಗೆದರು. ಉಂಗುರ ಕೊಯ್ದು ಶಿಶ್ನವನ್ನು ಹೊರಗೆ ತಂದರು. ಮತ್ತೆ ಒಳಗೆ ಜಾರದಂತೆ ಬುಡದ ಸುತ್ತಲಿನ ಚರ್ಮವನ್ನು ಆಳದ ಗಟ್ಟಿ ಪದರಕ್ಕೆ ಹೊಲಿದು ನಿಲ್ಲಿಸಿದರು. ಕೆಟ್ಟ ಚರ್ಮವನ್ನೆಲ್ಲ ಸುಲಿದು ಹಾಕಿ, ತೊಡೆಯಿಂದ ತೆಳ್ಳಗೆ ಹೆರೆದ ಚರ್ಮವನ್ನು ಸುತ್ತಿದರು. ಮೇಲೆ ಸ್ಪಂಜು, ಅದಕ್ಕೆ ಗಾಳಿ ಎಳೆಯುವ ಯಂತ್ರ. ಕಸಿ ಅಂಟಿಕೊಳ್ಳುವವರೆಗೆ ಅಲುಗಾಡುವಂತಿಲ್ಲ, ಮೂತ್ರಕ್ಕೆ ನಳಿಕೆ. ಆಶ್ಚರ್ಯವೆಂದರೆ ಅಲ್ಲಿ ನೋವು ಕಡಿಮೆ. ಚರ್ಮ ಹೆರೆದ ತೊಡೆಯೇ ಬೆಂಕಿ.

ಇದು ಉದ್ದ ಮಾಡುವ ಆಪರೇಷನ್ ಅಲ್ಲ ಎಂದು ಸಹಿ ಹಾಕಿಸಿಕೊಳ್ಳುವಾಗ ಮತ್ತೆ ಮತ್ತೆ ಹೇಳಿದ್ದರು. ಗಾಯ ಬಿಚ್ಚಿಕೊಳ್ಳಬಹುದು, ಸೋಂಕಾಗಬಹುದು, ಕಸಿಯ ಚರ್ಮಕ್ಕೆ ಸ್ಪರ್ಶ ಮೊದಲಿನಂತಿರದು. ತುದಿಯ ಸ್ಪರ್ಶ ಉಳಿಯುತ್ತದೆ.

16-5-2024

ಪಕ್ಕದ ಹಾಸಿಗೆಯವರು ಯಾದಗಿರಿ ಕಡೆಯ ರೈತರು, ನನಗಿಂತ ಹಿರಿಯರು. ಮೈಯಲ್ಲಿ ಒಂದು ತೊಲ ಕೊಬ್ಬಿಲ್ಲ. ಆನೆಕಾಲಿನ ಹುಳದಿಂದ ಬೀಜದ ಚೀಲ ಊದಿ ಊದಿ ಶಿಶ್ನವನ್ನು ನುಂಗಿತ್ತು. "ಊರಾಗ ವರ್ಸಾ ಗುಳಿಗಿ ಹಂಚತಾರ್ರಿ ಸರ. ಕಾಲ್ ಬಾತವ್ರು ನುಂಗಲಿ ಅಂತ ನಾವ್ ಒಗದಬಿಡ್ತಿದ್ವಿ." ಅವರ ಮಗ ಎದ್ದು ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳಿದರು: "ನಿಮ್ಮ ಮನ್ಯಾಗ ಗೊತ್ತೈತೇನ್ರಿ?" ಗೊತ್ತಿದೆ ಎಂದೆ. "ಛಲೋ ಆತ್ ಬಿಡ್ರಿ."

2-6-2024

ಎಡಬದಿಯಲ್ಲಿ ಹೊಲಿಗೆ ಬಿಚ್ಚಿಕೊಂಡಿದೆ, ಎರಡು ಬೆರಳಗಲ. ಡಾಕ್ಟರಿಗೆ ಗಾಬರಿಯಿಲ್ಲ, ದಿನಾ ಡ್ರೆಸಿಂಗ್ ಮಾಡಿ, ತಾನೇ ತುಂಬುತ್ತದೆ ಎಂದರು. ಗಿರಿಜಾ ಮಾಡುತ್ತಾಳೆ. ತೋರಿಸಿ ಎಂದು ಈಗ ಕೇಳಬೇಕಿಲ್ಲ.

28-7-2024

ಗಾಯ ಪೂರ್ತಿ ಮಾಯ್ದಿದೆ. ಒಳಗಿನ ಕೋಣೆಗೆ ಹಾಸಿಗೆ ಬದಲಾಯಿಸಿದ್ದೇನೆ. ಅದರ ಬಗ್ಗೆ ಇಷ್ಟು ಬರೆದರೆ ಸಾಕು.

12-11-2024

ಆರು ತಿಂಗಳ ತಪಾಸಣೆ. ಧಾರೆ 16. ತೂಕ 99. ತೂಕ ಏರಿದರೆ ಮತ್ತೆ ಮುಚ್ಚಬಹುದು. ಲೈಕನ್ ಮೂತ್ರನಾಳದೊಳಕ್ಕೂ ಇಳಿಯಬಹುದು, ಆದ್ದರಿಂದ ತಪಾಸಣೆಗೆ ಬರುತ್ತಲೇ ಇರಬೇಕು. ವಿಮೆಯವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರು, ಉಳಿದದ್ದಕ್ಕೆ ಮೇಲ್ಮನವಿ ಹಾಕಿದ್ದೇನೆ.

ಸಂಜೆ ನಮ್ಮ ಆಫೀಸಿನ ಡ್ರೈವರ್ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಅತ್ತಿತ್ತ ನೋಡಿ, "ಸಾರ್, ನೀವು ಬೆಂಗಳೂರಲ್ಲಿ ತೋರಿಸಿದ್ದು ಯಾವ ಡಾಕ್ಟರಿಗೆ" ಎಂದು ಕೇಳಿದ. ದಪ್ಪ ಮನುಷ್ಯ, ಶುಗರ್ ಇದೆ, ಕೈಯಲ್ಲೊಂದು ಟ್ಯೂಬ್. ಬೆಂಗಳೂರು ಆಮೇಲೆ ನೋಡೋಣ ಎಂದೆ. ನಾಳೆ ಇಲ್ಲೇ ಚರ್ಮದ ಡಾಕ್ಟರ ಹತ್ತಿರ ಹೋಗು, ಹೆಂಗಸು ಅಂತ ಹಿಂದೆ ಬರಬೇಡ, ಹೆಂಡತಿಯನ್ನೂ ಕರೆದುಕೊಂಡು ಹೋಗು. ಮೊದಲು ನೋಡಿ, ಆಮೇಲೆ ಬರೀರಿ ಅಂತ ಕೇಳು. ನೋಡದೆ ಬರೆದುಕೊಟ್ಟರೆ ಆ ಚೀಟಿಗೆ ದುಡ್ಡು ಹಾಕಬೇಡ.