ನೋವೆಲ್ಲಿ ಎಂಬ ಪ್ರಶ್ನೆ

ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಸಂಸ್ಕೃತ ವ್ಯಾಕರಣವನ್ನು ಬೋಧಿಸಿ ವಿಶ್ರಾಂತರಾದ ನಮಗೆ, ಅರುವತ್ತನೆಯ ವಯಸ್ಸಿನಲ್ಲಿ ಸ್ಪ್ಯಾನಿಷ್ ಭಾಷೆಯ ಹತ್ತಾರು ವಾಕ್ಯಗಳನ್ನು ಕಂಠಪಾಠ ಮಾಡುವ ಯೋಗವು ಒದಗಿಬಂದಿತು. ನಮ್ಮ ಮಗಳು ಅಮೆರಿಕದ ಟೆಕ್ಸಾಸ್ ಪ್ರಾಂತಕ್ಕೆ ಸೇರಿದ ಸ್ಯಾನ್ ಆಂಟೋನಿಯೋ ನಗರದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವಳು. ಆ ನಾಡು 1836ಕ್ಕೆ ಮುನ್ನ ಮೆಕ್ಸಿಕೋ ದೇಶದ ಭಾಗವಾಗಿದ್ದಿತು. ಇಂದಿಗೂ ಅಲ್ಲಿಯ ಅನೇಕ ಮನೆಗಳಲ್ಲಿ ಸ್ಪ್ಯಾನಿಷ್ ನುಡಿಯೇ ಬಳಕೆಯಲ್ಲಿದೆ. ಇಂಗ್ಲಿಷು ಬಾರದ ರೋಗಿಗಳನ್ನು ಉಪಚರಿಸಲೆಂದು ಮಗಳು ಕೆಲವು ವಾಕ್ಯಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು. ನಾವು ಅವಳ ಮನೆಯಲ್ಲಿದ್ದ ತಿಂಗಳುಗಳಲ್ಲಿ, ರಾತ್ರಿಯ ಊಟವಾದ ಬಳಿಕ ನಾವು ರೋಗಿ, ಅವಳು ದಾದಿ. ಹೀಗೆ ಪಾಠವು ನಡೆಯುತ್ತಿದ್ದಿತು.

"ದೋಂದೆ ಲೆ ದ್ವೇಲೆ?" ಎಂದರೆ 'ನಿಮಗೆ ಎಲ್ಲಿ ನೋಯುತ್ತಿದೆ?' ಎಂದರ್ಥ. "ಮೆ ದ್ವೇಲೆ ಲಾ ಕಬೇಸಾ" ಎಂದರೆ 'ನನಗೆ ತಲೆ ನೋಯುತ್ತಿದೆ.' ವಾಚಕರು ಗಮನಿಸಬೇಕು: ಇಂಗ್ಲಿಷರು ತಲೆನೋವನ್ನು 'ಹೊಂದಿರುವರು', ಸ್ಪ್ಯಾನಿಷರಿಗಾದರೋ ನಮ್ಮಂತೆಯೇ ನೋವು ಚತುರ್ಥೀ ವಿಭಕ್ತಿಯಲ್ಲಿ ಬರುವುದು. ಇನ್ನೊಂದು ಸೊಗಸೂ ಉಂಟು. ಹಿರಿಯರಿಗೆ "ಲೆ ದ್ವೇಲೆ", ಮಕ್ಕಳಿಗೆ "ತೆ ದ್ವೇಲೆ". ಅಂದರೆ ನಮ್ಮ 'ನಿಮಗೆ', 'ನಿನಗೆ' ಎಂಬ ಭೇದವೇ. ಇಷ್ಟು ಸಾಮ್ಯವನ್ನು ಕಂಡು ಉಬ್ಬಿಹೋದ ನಾವು, "ದೆಸ್ದೆ ಕ್ವಾಂದೋ?" (ಎಂದಿನಿಂದ?), "ರೆಸ್ಪೀರೆ ಪ್ರೊಫುಂದೋ" (ದೀರ್ಘವಾಗಿ ಉಸಿರೆಳೆಯಿರಿ) ಮೊದಲಾದುವನ್ನೆಲ್ಲ ಮಗಳಿಗೆ ನೂರು ಸಲ ತಿದ್ದಿ ತಿದ್ದಿ ಹೇಳಿಸಿದೆವು. ಅವಳ ಉಚ್ಚಾರಣೆಯು ನಿರ್ದುಷ್ಟವಾಯಿತು. ನಮ್ಮ ಹೆಮ್ಮೆಗೆ ಮೇರೆಯಿರಲಿಲ್ಲ.

ಒಂದು ಸಂಜೆ ಮಗಳು ಮನೆಗೆ ಬಂದವಳು ಊಟಕ್ಕೇಳಲಿಲ್ಲ. ಕಾರಣವನ್ನು ಕೇಳಲಾಗಿ ಮೆಲ್ಲನೆ ಹೇಳಿದಳು: "ಅಪ್ಪಾ, ಇಂದು ತಲೆನೋವೆಂದು ಒಬ್ಬ ಅಜ್ಜಿ ಬಂದಿದ್ದರು. ನಾನು ಕೇಳಿದ ರೀತಿಯನ್ನು ನೋಡಿ, ನನಗೆ ಭಾಷೆಯೆಲ್ಲ ಬರುತ್ತದೆಂದು ನಂಬಿ, ಕೈಹಿಡಿದುಕೊಂಡು ಏನೇನೋ ಹೇಳುತ್ತಲೇ ಹೋದರು. ಒಂದು ಮಾತೂ ತಿಳಿಯಲಿಲ್ಲ. ನಾಚಿಕೆಯಿಂದ 'ಸೀ, ಸೀ' ಎಂದು ತಲೆಯಾಡಿಸಿಬಿಟ್ಟೆ."

ಕೊಂಚ ಹೊತ್ತಿನ ಬಳಿಕ ಮನಸ್ಸು ತಡೆಯದೆ, ಅವಳು ದೂರವಾಣಿಯ ಮೂಲಕ ದುಭಾಷಿಯನ್ನು ಕರೆಯಿಸಿದಳಂತೆ. ಎರಡು ದಿನಗಳ ಹಿಂದೆ ಬಚ್ಚಲಲ್ಲಿ ಜಾರಿಬಿದ್ದು ತಲೆಗೆ ಪೆಟ್ಟಾದುದನ್ನೂ, ತಾನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ನುಂಗುತ್ತಿರುವುದನ್ನೂ ಆ ವೃದ್ಧೆಯು ಹೇಳುತ್ತಿದ್ದಳು! ಅಂಥ ಮಾತ್ರೆಯನ್ನು ತಿನ್ನುವವರಿಗೆ ತಲೆಯ ಪೆಟ್ಟು ಎಷ್ಟು ಅಪಾಯಕರವೆಂಬುದನ್ನು ವೈದ್ಯರೆಲ್ಲರೂ ಬಲ್ಲರು. ಒಡನೆಯೇ ತಲೆಯ ಚಿತ್ರವನ್ನು ತೆಗೆಯಿಸಲು, ಒಳಗೆ ರಕ್ತವು ಒಸರುತ್ತಿದ್ದುದು ಕಂಡುಬಂದಿತು. ವೇಳೆ ಮೀರದಿದ್ದುದರಿಂದ ಆಕೆ ಬದುಕಿಕೊಂಡಳು.

ಎಲ್ಲರ ಅದೃಷ್ಟವೂ ಹಾಗಿರದು. 1980ರಲ್ಲಿ ಫ್ಲಾರಿಡಾ ಪ್ರಾಂತದಲ್ಲಿ, ಪ್ರಜ್ಞೆತಪ್ಪಿದ ಹದಿನೆಂಟು ವರ್ಷದ ಯುವಕನನ್ನು ಆಸ್ಪತ್ರೆಗೆ ತಂದವರು ಅವನು "ಇಂತೊಕ್ಸಿಕಾದೋ" ಎಂದರು. ತಿಂದುದೇನೋ ವಿಷವಾಯಿತೆಂಬುದು ಅವರ ಅಭಿಪ್ರಾಯ. ಇಂಗ್ಲಿಷಿನಲ್ಲಿ ಅದನ್ನೇ ಹೋಲುವ ಮಾತಿಗೆ ಅಮಲೇರಿದೆಯೆಂದರ್ಥ. ಯುವಕನು ಮಾದಕ ದ್ರವ್ಯವನ್ನು ಸೇವಿಸಿರುವನೆಂದು ತಿಳಿದು ವೈದ್ಯರು ಚಿಕಿತ್ಸೆ ನಡೆಸಿದರು. ಮಿದುಳಿನಲ್ಲಿ ನಡೆಯುತ್ತಿದ್ದ ರಕ್ತಸ್ರಾವವು ತಡವಾಗಿ ತಿಳಿಯಿತು. ಅವನ ಕೈಕಾಲುಗಳೆಲ್ಲ ಸ್ವಾಧೀನ ತಪ್ಪಿದುವು. ತ್ವಷ್ಟೃವು ಇಂದ್ರನನ್ನು ಕೊಲ್ಲುವ ಮಗನನ್ನು ಬೇಡಿ, 'ಇಂದ್ರಶತ್ರು' ಎಂಬ ಪದದ ಸ್ವರವು ತಪ್ಪಿದುದರಿಂದ ಇಂದ್ರನ ಕೈಯಲ್ಲಿಯೇ ಸಾಯುವ ಮಗನನ್ನು ಪಡೆದ ಕಥೆಯನ್ನು ತರಗತಿಯಲ್ಲಿ ನಾವೆಷ್ಟು ಸಲ ಹೇಳಿರಲಿಲ್ಲ! ಆದರೆ ಆಡುವವನ ತಪ್ಪನ್ನು ಮಾತ್ರ ಎಣಿಸಿದೆವು. ಕೇಳುವವನ ತಪ್ಪಿಗೂ ಅಷ್ಟೇ ಬೆಲೆಯುಂಟೆಂದು ಯೋಚಿಸಿರಲಿಲ್ಲ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. 'ತಿಳಿಯಲಿಲ್ಲ, ಸ್ವಾಮಿ' ಎಂದ ಹುಡುಗರನ್ನು ನಾವು ಎಷ್ಟು ಬಾರಿ ಗದರಿಸಿ ಕೂರಿಸಿದ್ದೆವು! ತಿಳಿಯದೆಯೇ ತಲೆಯಾಡಿಸುವ ವಿದ್ಯೆಯನ್ನು ಅವರಿಗೂ, ನಮ್ಮ ಮನೆಯಲ್ಲೇ ಬೆಳೆದ ಮಗಳಿಗೂ ಕಲಿಸಿದವರು ನಾವೇ ಅಲ್ಲವೆ?

ಬೆಳಗಾದ ಮೇಲೆ ಇಬ್ಬರೂ ಕುಳಿತು ಚೀಟಿಯನ್ನು ಹೊಸದಾಗಿ ಬರೆದೆವು. ಮೊದಲ ಸಾಲು: "ಆಬ್ಲೋ ಪೋಕೋ ಎಸ್ಪಾನ್ಯೋಲ್", ನನಗೆ ಸ್ಪ್ಯಾನಿಷ್ ಸ್ವಲ್ಪವೇ ಬರುತ್ತದೆ. ಎರಡನೆಯದು: "ನೋ ಎಂತ್ಯೇಂದೋ", ನನಗೆ ತಿಳಿಯಲಿಲ್ಲ. ಮೂರನೆಯದು: "ಬೋಯ್ ಆ ಯಮಾರ್ ಅಲ್ ಇಂತೇರ್ಪ್ರೆತೆ", ದುಭಾಷಿಯನ್ನು ಕರೆಯುತ್ತೇನೆ. ಸರಕಾರದ ಧನಸಹಾಯವನ್ನು ಪಡೆಯುವ ಆಸ್ಪತ್ರೆಗಳು ರೋಗಿಯಿಂದ ಹಣ ಕೇಳದೆ ದುಭಾಷಿಯನ್ನು ಒದಗಿಸಬೇಕೆಂಬ ವಿಧಿಯು ಆ ದೇಶದಲ್ಲಿದೆ. ನಮಸ್ಕಾರ, ಸಾಂತ್ವನ, ನೋವಿನ ಸ್ಥಳ ಇವುಗಳಿಗೆ ದಾದಿಯ ಹತ್ತು ವಾಕ್ಯಗಳು ಸಾಕು. ಔಷಧ, ಶಸ್ತ್ರಚಿಕಿತ್ಸೆ, ರೋಗಿಯ ಒಪ್ಪಿಗೆ ಇವುಗಳಿಗೆ ಸಾಲವು. ನೋವೆಲ್ಲಿ ಎಂಬ ಪ್ರಶ್ನೆಯನ್ನು ನಾವು ನಾಲ್ಕನೆಯ ಸಾಲಿಗೆ ಇಳಿಸಿದೆವು.

ನಮ್ಮ ಹಳೆಯ ಶಿಷ್ಯರಾರಾದರೂ ಇದನ್ನು ಓದುತ್ತಿದ್ದಲ್ಲಿ, ಅಂದು ಗದರಿಸಿದುದನ್ನು ಮನ್ನಿಸಬೇಕು. 'ತಿಳಿಯಲಿಲ್ಲ' ಎಂದು ಎದ್ದುನಿಂತು ಹೇಳಿದ ನೀವೇ ಸರಿ.